ಎರಡು ಪ್ಯಾಟಿ, ಒಂದು ಬಟರ್ ಪೇಪರ್

ಮಾರ್ಚ್ 4, ಬೆಳಿಗ್ಗೆ

ಕೆಟ್ಟ ಕನಸು. ವಿಡಿಯೊದವನು ನಮ್ಮ ಬರ್ಗರ್ ಕಚ್ಚಿ, ಬಾಯಿಂದ ಬಟರ್ ಪೇಪರ್ ಎಳೆದ. ಎಳೆದಷ್ಟೂ ಬಂತು, ಥಾನು ಬಟ್ಟೆಯ ಹಾಗೆ. ಕೌಂಟರಿನ ಮುಂದಿದ್ದ ಜನ ಅದನ್ನು ಮಡಚಿ ಮಡಚಿ ನನ್ನ ಕೈಗೆ ಕೊಡುತ್ತಿದ್ದರು.

ಬರೀ ಕನಸಾಗಿದ್ದರೆ ಬಿಡಬಹುದಿತ್ತು. ನನ್ನ ತಮ್ಮ ಬರ್ಗರ್ ಅಂಗಡಿ ತೆರೆದು ಇನ್ನೂ ತಿಂಗಳಾಗಿಲ್ಲ. ಕೌಂಟರ್ ಅವನದು, ಕಾವಲಿ ನನ್ನದು. ಅಂಗಡಿ ಅಂಗಡಿ ಸುತ್ತಿ, ತಿಂದು, ವಿಡಿಯೊ ಮಾಡಿ ಹಾಕುವ ಒಬ್ಬನನ್ನು ದುಂಬಾಲು ಬಿದ್ದು ನಿನ್ನೆ ಕರೆಸಿದ್ದ. ನಾನು ಬೆಳಿಗ್ಗೆಯೇ ಕೋಳಿ ಕೈಮಾದ ಪ್ಯಾಟಿ ಒತ್ತಿ, ಒಂದಕ್ಕೊಂದು ಅಂಟದಿರಲಿ ಅಂತ ಪ್ರತಿಯೊಂದರ ಕೆಳಗೂ ಬಟರ್ ಪೇಪರ್ ಇಟ್ಟು ಫ್ರಿಜ್ಜಿಗೆ ಸೇರಿಸುತ್ತೇನೆ. ಕಾವಲಿಗೆ ಹಾಕುವಾಗ ಪೇಪರ್ ಸುಲಿದು ಕಸದ ಡಬ್ಬಿಗೆ. ನಿನ್ನೆ ಆ ವಿಡಿಯೊದವನದೇ ಮೊದಲ ಆರ್ಡರ್. ಎರಡು ಪ್ಯಾಟಿ. ಅವನು ಹೋದ ಮೇಲೆ ನೋಡಿದರೆ ಡಬ್ಬಿಯಲ್ಲಿ ಒಂದೇ ಪೇಪರ್.

ನೆಲ ನೋಡಿದೆ. ಕಾವಲಿಯ ಅಡಿ, ಏಪ್ರನ್ ಜೇಬು, ಚಪ್ಪಲಿಯ ಅಡಿ. ಇಲ್ಲ. ಎಣ್ಣೆಯಲ್ಲಿ ಬೆಂದರೆ ಪೇಪರಿಗೂ ಪ್ಯಾಟಿಯದೇ ಬಣ್ಣ... ತಮ್ಮನಿಗೆ ಹೇಳಿಲ್ಲ. ಅವನ ಮುಖ ಅಷ್ಟು ಅರಳಿದ್ದನ್ನು ಈಚೆಗೆ ನೋಡಿಯೇ ಇರಲಿಲ್ಲ.

ಮಾರ್ಚ್ 5

ವಿಡಿಯೊ ಬಂದಿಲ್ಲ. ಯಾಕೆ ಬಂದಿಲ್ಲ? ಹೊಟ್ಟೆ ಕೆಟ್ಟು ಮಲಗಿದ್ದಾನೋ ಏನೋ.

ಒಂದೂ ಬಿಡದೆ, ಅಂಗಡಿಯ ಬಗ್ಗೆ ಫೋನಿನಲ್ಲಿ ಜನ ಬರೆದದ್ದೆಲ್ಲ ಓದುತ್ತಿದ್ದೇನೆ. ಯಾರಾದರೂ ಪೇಪರ್ ಅಂದಿದ್ದಾರಾ ಅಂತ. ಒಬ್ಬರಿಗೆ ಸಾಸ್ ಸಿಹಿ. ಇನ್ನೊಬ್ಬರಿಗೆ ಅದೇ ಸಾಸ್ ಹುಳಿ. ಮತ್ತೊಬ್ಬರು ಬನ್ನನ್ನು ಬಾಯ್ತುಂಬ ಹೊಗಳಿ, ಕುರ್ಚಿ ಅಲ್ಲಾಡುತ್ತೆ ಅಂತ ಎರಡೇ ಸ್ಟಾರ್ ಕೊಟ್ಟಿದ್ದಾರೆ. ಬನ್ನು ನಮ್ಮದಲ್ಲ, ಬೇಕರಿಯದು. ಕುರ್ಚಿ ಮಾತ್ರ ನಮ್ಮದು.

ಚಿಕ್ಕಮ್ಮ ಐದು ಸ್ಟಾರ್ ಒತ್ತಿ, ‘ನಮ್ಮ ಹುಡುಗ ಬಂಗಾರದಂಥವನು, ಇನ್ನೂ ಮದುವೆಯಾಗಿಲ್ಲ’ ಅಂತ ಬರೆದಿದ್ದಾರೆ. ಕೆಳಗೆ ಯಾರೋ, ಬರ್ಗರ್ ಹೇಗಿದೆ ಅಂತ ಕೇಳಿದರೆ, ‘ನಾನು ತಿಂದಿಲ್ಲ, ಡಾಕ್ಟರು ಬೇಡ ಅಂದಿದ್ದಾರೆ’. ತಮ್ಮ ಹಣೆ ಹಣೆ ಬಡಿದುಕೊಂಡ. ನನಗೂ ನಗು ಬಂತು. ಡಾಕ್ಟರು ಅನ್ನುವ ಪದ ಇನ್ನೊಮ್ಮೆ ಓದಿದೆ, ನಗು ನಿಂತಿತು.

ಮಾರ್ಚ್ 8, ಮಧ್ಯಾಹ್ನ

ಬಂತು ವಿಡಿಯೊ. ಕಚ್ಚುತ್ತಾನೆ — ಕರುಂ ಅಂತ ಶಬ್ದ. ಕಣ್ಣು ಮುಚ್ಚಿಕೊಂಡು ಹೇಳುತ್ತಾನೆ: “ಒಳಗೊಂದು ಗರಿಗರಿ ಪದರ ಇದೆ. ಅದೇ ಇವರ ಗುಟ್ಟು.”

ಈರುಳ್ಳಿ ಚೀಲದ ಮೇಲೆ ಕೂತುಬಿಟ್ಟೆ. ತಿಂದಿದ್ದಾನೆ. ಪೇಪರ್ ತಿಂದು ಹೊಗಳಿದ್ದಾನೆ.

ಆಗಲೇ ಬಾಗಿಲಾಚೆಗೆ ಸಾಲು. ಎಲ್ಲರಿಗೂ ಆ ಪದರವೇ ಬೇಕು. ತಮ್ಮ ಕಿಂಡಿಯಲ್ಲಿ ತಲೆ ತೂರಿಸಿ, ಅದೇನಕ್ಕಾ ಪದರ, ನನಗೇ ಹೇಳಿಲ್ವಲ್ಲ ಅಂದ. ಬಾಯಿಗೆ ಬಂದದ್ದು ಚೀಸ್. ಅಂದ ಮೇಲೆ ಮಾಡಬೇಕಲ್ಲ. ಕಾವಲಿಯ ಮೇಲೆ ಚೀಸ್ ಉದುರಿಸಿ ಕಂದು ತಿರುಗುವವರೆಗೆ ಬಿಟ್ಟೆ. ಜಾಲರಿಯ ಹಾಗೆ ಎದ್ದು ಬಂತು. ಚೆನ್ನಾಗಿಯೇ ಇದೆ. ಇನ್ನು ಈ ಸುಳ್ಳೇ ನಿಂತುಬಿಡುತ್ತೆ ಅಂತ ಭಯ ಜಾಸ್ತಿಯಾಯಿತು.

ಮಾರ್ಚ್ 9

ಕೈ ಸುಟ್ಟುಕೊಂಡೆ. ಗಮನವೇ ಇಲ್ಲ.

ಒಬ್ಬ ಬರೆದಿದ್ದಾನೆ — ವಿಡಿಯೊದಲ್ಲಿ ಬಂದ ಶಬ್ದ ನನ್ನ ಬರ್ಗರಿನಲ್ಲಿ ಬರಲಿಲ್ಲ ಅಂತ. ಹೇಗೆ ಬರಬೇಕು?

ತಮ್ಮ ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿದ್ದಾನೆ: ಅಕ್ಕನ ಗರಿಗರಿ ಪದರ. ವಿಡಿಯೊದವನು ನಾಡಿದ್ದು ಮತ್ತೆ ಬರುತ್ತಾನಂತೆ. ಪದರ ಮಾಡುವುದನ್ನು ನನ್ನ ಪಕ್ಕದಲ್ಲೇ ನಿಂತು ಹಿಡಿಯುತ್ತಾನಂತೆ. ಚೀಸಿನದ್ದನ್ನು ನಾಲಿಗೆಗೆ ಇಟ್ಟ ಕೂಡಲೇ ಇದಲ್ಲ ಅನ್ನುತ್ತಾನೆ. ಹಾಗಾದರೆ ಅವತ್ತು ತಿನ್ನಿಸಿದ್ದೇನು ಅನ್ನುತ್ತಾನೆ. ಕ್ಯಾಮೆರಾದ ಮುಂದೆಯೇ. ಆಮೇಲೆ ಅಂಗಡಿಗೆ ಬೀಗ.

ಮಾರ್ಚ್ 10

ತಮ್ಮನಿಗೆ ಹೇಳಿಬಿಟ್ಟೆ. ಬೆಳಿಗ್ಗೆ ಪ್ಯಾಟಿ ಒತ್ತುತ್ತಾ, ಅವನ ಮುಖ ನೋಡದೆ. ಅವನು ಬಹಳ ಹೊತ್ತು ಟೊಮೇಟೊ ಕತ್ತರಿಸಿದ. ಬೇಕಾದದ್ದಕ್ಕಿಂತ ಹೆಚ್ಚೇ.

“ಇದು ನಮ್ಮಿಬ್ಬರಲ್ಲೇ ಇರ್ಲಿ ಅಕ್ಕಾ.”

“ಅವನಿಗೇನಾದ್ರೂ ಆಗಿದ್ರೆ?”

“ಆಗಿದ್ರೆ ನಾಳೆ ಬರ್ತಿದ್ನಾ? ಮತ್ತೆ ತಿನ್ನೋಕೇ ಬರ್ತಿದ್ದಾನೆ ಮಹರಾಯ.”

ಪೊಲೀಸರನ್ನು ಕರೆದುಕೊಂಡು ಬಂದರೆ ಅಂದೆ. ತಮ್ಮ ಟೊಮೇಟೊ ಕಡೆಗೇ ನೋಡುತ್ತಾ ಅಂದ, “ಇಷ್ಟು ವರ್ಷಕ್ಕೆ ನಂದು ಅಂತ ಒಂದು ನಿಂತಿದೆ ಕಣಕ್ಕಾ. ನೀನೇ ಬೀಳಿಸ್ಬೇಡ.”

ಒತ್ತಿದ ಪ್ಯಾಟಿಗಳ ಪೇಪರನ್ನು ಇನ್ನೊಮ್ಮೆ ಎಣಿಸಿದೆ.

ಮಾರ್ಚ್ 11, ಸಂಜೆ

ಬಂದ. ಗುಂಡುಕಲ್ಲಿನ ಹಾಗಿದ್ದಾನೆ. ಕ್ಯಾಮೆರಾ ಹಿಡಿದು ಪಕ್ಕಕ್ಕೆ ನಿಂತ. ಚೀಸ್ ಉದುರಿಸಲು ನನ್ನ ಕೈ ಏಳಲಿಲ್ಲ. ಕ್ಯಾಮೆರಾ ಆರಿಸಿ ಅಂದೆ. ಕೌಂಟರಿನಿಂದ ತಮ್ಮ ‘ಅಕ್ಕಾ’ ಅಂದದ್ದು ಕೇಳಿಸಿತು. ಆದರೂ ಹೇಳಿದೆ — ಅವತ್ತು ನೀವು ತಿಂದ ಪದರ, ಬಟರ್ ಪೇಪರ್.

ಅವನು ನಕ್ಕುಬಿಟ್ಟ.

“ನಾನು ಕಚ್ಚಿದ್ದು ಒಂದೇ ಬಾಯಿ ಅಕ್ಕಾ, ಅದೂ ಬರೀ ಬನ್ನು. ಗರಿಗರಿ ಪದರ, ಗುಟ್ಟು — ಎಲ್ಲಾ ಅಂಗಡಿಗೂ ಅದನ್ನೇ ಹೇಳೋದು. ಜನ ಬರ್ತಾರೆ.”

“ಆ ಶಬ್ದ?”

“ಅದು ಆಮೇಲೆ ಸೇರಿಸೋದು.”

ತಮ್ಮ ಗೋಡೆಗೆ ಒರಗಿ ಉಸಿರು ಬಿಟ್ಟ. ಬೋರ್ಡು ಉಳಿಯಿತು. ನನಗೂ ಎದೆಯ ಭಾರ ಇಳಿಯಬೇಕಿತ್ತು. ಹಾಳು ಮನಸ್ಸು. ಮಿಕ್ಕ ಬರ್ಗರ್ ಏನು ಮಾಡಿದಿರಿ ಅಂತ ಕೇಳಿತು ಬಾಯಿ.

ಮನೆಗೆ ಒಯ್ದು ಅಮ್ಮನಿಗೆ ಕೊಟ್ಟನಂತೆ. ಅಮ್ಮನಿಗೆ ಹಲ್ಲಿಲ್ಲ, ಎಲ್ಲವನ್ನೂ ನುಂಗುವುದೇ ಅಂತೆ. ಹೇಳುತ್ತಾ ಹೇಳುತ್ತಾ ಅವನ ನಗು ಇಳಿಯಿತು. ಅಲ್ಲೇ ಫೋನ್ ಮಾಡಿದ. ಅಮ್ಮ ಚೆನ್ನಾಗಿದ್ದಾರೆ. ಬರ್ಗರ್ ಮೆತ್ತಗಿತ್ತು, ರುಚಿಯಾಗಿತ್ತು ಅಂದರಂತೆ. ಇಷ್ಟು ದಿನದಲ್ಲಿ ಪೂರ್ತಿ ತಿಂದು ಹೇಳಿದ ಮಾತು ಅಂತ ನನಗೆ ನಂಬಿಕೆ ಬಂದದ್ದು ಅದೊಂದೇ. ಖುಷಿಯಲ್ಲಿ ತಮ್ಮ, ಆ ತಾಯಿಗೆ ಇನ್ನೊಂದು ಕಟ್ಟಿಕೊಡು ಅಂದ. ಕಟ್ಟಿದೆ. ಸುಲಿದ ಪೇಪರನ್ನು ಇಬ್ಬರಿಗೂ ಎತ್ತಿ ತೋರಿಸಿದೆ.

ಅವನು ಬಾಗಿಲು ದಾಟಿದ ಮೇಲೆ ಹೊಳೆಯಿತು. ಮೆತ್ತಗಿತ್ತು ಅಂದರೆ ಪೇಪರ್ ಇರಲೇ ಇಲ್ಲವಾ, ಇದ್ದೂ ಗೊತ್ತಾಗಲಿಲ್ಲವಾ? ಏಪ್ರನ್ ಕೂಡ ಬಿಚ್ಚದೆ ರಸ್ತೆಗೆ ಓಡಿದೆ. ಅವನು ಗಾಡಿ ಹತ್ತುತ್ತಿದ್ದ. ಇನ್ನೊಂದ್ಸಲ ಫೋನ್ ಮಾಡಿ ಕೇಳಿ ಅಂದೆ, ತಟ್ಟೆ ಅಂಚಿಗೆ ಏನಾದ್ರೂ ತೆಗೆದಿಟ್ಟಿದ್ರಾ ಅಂತ, ಬರೀ ಅದೊಂದು —