ಕಪ್ಪು ಉದುರಿದ ಜಾಲರಿ

ಮನೆಯಿಂದ, ಮಂಗಳವಾರ, ಮಾರ್ಚ್ ೪

ಪ್ರೀತಿಯ ಪುಟ್ಟಾ,

ನಿನ್ನ ಸೊಂಟನೋವು ಹೇಗಿದೆ? ಲ್ಯಾಬಿನಲ್ಲಿ ಆ ಎತ್ತರದ ಸ್ಟೂಲಿನ ಮೇಲೆ ಗೂನುಬೆನ್ನು ಮಾಡಿಕೊಂಡು ಕೂರುವುದನ್ನು ಬಿಟ್ಟೆಯೋ ಇಲ್ಲವೋ? ನಿನ್ನ ಅತ್ತಿಗೆ ಸದ್ಯಕ್ಕೆ ಪರವಾಗಿಲ್ಲ. ಉಸಿರಾಟದ ಯಂತ್ರ ಹಚ್ಚಿಕೊಂಡೇ ನನ್ನ ಅಡುಗೆಗೆ ಹೆಸರಿಡುವಷ್ಟು ಗೆಲುವಾಗಿದ್ದಾಳೆ.

ಕರೆಂಟು ಹೋದಾಗ ಆ ಯಂತ್ರ ನಿಲ್ಲಬಾರದೆಂದು ನೀನು ತಂದಿಟ್ಟ ಪೆಟ್ಟಿಗೆಯ ವಿಷಯ ಬರೆಯಬೇಕು. ಪುಡಿ ಕಲಸಿದ ನೀರು ಕಪ್ಪು ಜಾಲರಿಯ ಮೇಲೆ ಹರಿದರೆ ಅಡಗಿದ್ದ ಹೈಡ್ರೋಜನ್ ಹೊರಬರುತ್ತದೆ, ಅದರಿಂದ ಕರೆಂಟು ಎಂದು ನೀನು ವಿವರಿಸಿದಾಗ ಬಾಯಿ ಬಿಟ್ಟುಕೊಂಡು ಕೇಳಿದ್ದೆ. ಪ್ಲಾಟಿನಂ ಲೇಪವಾದರೆ ನಮ್ಮಂಥವರ ಕೈಗೆಟುಕುವುದಿಲ್ಲ, ಇದು ಉಕ್ಕಿನ ಜಾಲರಿಗೆ ಕೋಬಾಲ್ಟಿನ ಕಪ್ಪು ಲೇಪ, ಅಗ್ಗವಾದರೂ ಗಟ್ಟಿ, ಪರೀಕ್ಷೆಯೆಲ್ಲ ಮುಗಿದಿದೆ ಎಂದವನೂ ನೀನೇ. ವಾರಕ್ಕೊಮ್ಮೆ ಅದನ್ನು ತೊಳೆಯುವ ಕೆಲಸ ನನ್ನದಾಯಿತು.

ಕಳೆದ ತಿಂಗಳು ಒಂದು ಮಧ್ಯಾಹ್ನ ಕರೆಂಟು ಹೋಗಿ, ಪೆಟ್ಟಿಗೆಯೂ ಕೈಕೊಟ್ಟು, ಅವಳ ತುಟಿ ನೀಲಿಗಟ್ಟಿತಲ್ಲ. ಪಕ್ಕದ ಮನೆಯ ನರ್ಸ್ ಆಕ್ಸಿಜನ್ ಸಿಲಿಂಡರ್ ತಂದದ್ದಕ್ಕೆ ಉಳಿದಳು. ಜಾಲರಿ ನೋಡಿದರೆ ಕಪ್ಪೆಲ್ಲ ಉದುರಿ ಬೋಳಾಗಿತ್ತು. ಫೋನ್ ಮಾಡಿದರೆ ನೀನಂದೆ: "ನೀನೇ ಉಜ್ಜಿರ್ತೀಯ ಅಣ್ಣಾ. ಅದೇನು ನಿನ್ನ ಗಡಿಯಾರದ ಚಕ್ರಾನಾ, ಫಳಫಳ ಅನ್ನೋಕೆ?" ನಂಬಿದೆ. ಗಡಿಯಾರ ರಿಪೇರಿಯಲ್ಲೇ ಆಯುಷ್ಯ ಕಳೆದವನು, ಉಜ್ಜಿದರೂ ಉಜ್ಜಿರಬಹುದು ಅನ್ನಿಸಿತು. ಅಂದಿನಿಂದ ಅವಳ ಮುಖ ನೋಡಿ ಮಾತಾಡಲು ಆಗಿಲ್ಲ. ನೀನು ಕಳಿಸಿದ ಹೊಸ ಜಾಲರಿಯನ್ನು ಕೂಸಿಗೆ ನೀರೆರೆದ ಹಾಗೆ ತೊಳೆದೆ. ಅದರ ಕಪ್ಪೂ ಉದುರಿತು.

ನಿನ್ನೆ ನಿನ್ನ ಲ್ಯಾಬಿನ ಹುಡುಗಿ ಅದನ್ನು ಬದಲಾಯಿಸಲು ಬಂದಿದ್ದಳು. ತಪ್ಪು ನನ್ನದೇ ಅಂದೆ. ಅವಳು ಪಾಪ, ನನಗೆ ಸಮಾಧಾನ ಹೇಳಲು ಹೋಗಿ ಬಾಯಿಬಿಟ್ಟಳು: "ನೀವೇನೂ ಮಾಡಿಲ್ಲ ಅಂಕಲ್. ಲ್ಯಾಬಲ್ಲೂ ಹೀಗೇ ಉದುರುತ್ತೆ. ಮನೇಲಿ ಎಷ್ಟು ದಿನ ತಡೆಯುತ್ತೆ ಅಂತ ನೋಡೋಕೇ ಅಲ್ವಾ ಇಲ್ಲಿಟ್ಟಿರೋದು?"

ಪರೀಕ್ಷೆ ಎಂದು ಹೇಳಿದ್ದರೆ ನಾನು ಬೇಡವೆನ್ನುತ್ತಿದ್ದೆನೋ ಏನೋ, ಆ ಮಾತು ಬೇರೆ. ಆದರೆ ಜಾಲರಿಯ ತಪ್ಪನ್ನು ನನ್ನ ಬೆರಳಿಗೆ ಅಂಟಿಸಿ, ನಾನು ಅತ್ತದ್ದನ್ನು ಫೋನಿನಲ್ಲಿ ಕೇಳಿಸಿಕೊಂಡೂ ಸುಮ್ಮನಿದ್ದೆಯಲ್ಲ. ಚಿಕ್ಕಂದಿನಲ್ಲಿ ನೀನು ಒಡೆದದ್ದನ್ನೆಲ್ಲ ನಾನೇ ಒಡೆದೆ ಎಂದು ಅಪ್ಪನ ಹತ್ತಿರ ಬೈಸಿಕೊಂಡವನು ನಾನು. ಆಗ ನಾನಾಗಿಯೇ ಹೊತ್ತಿದ್ದೆ ಪುಟ್ಟಾ. ಈಗ ನೀನು ಕೇಳದೆ ಹೊರಿಸಿದೆ.

ಸೊಂಟಕ್ಕೆ ಶಾಖ ಕೊಟ್ಟುಕೋ. ಎಷ್ಟೇ ಕೋಪವಿದ್ದರೂ ಆಶೀರ್ವಾದವನ್ನು ವಾಪಸು ತೆಗೆದುಕೊಂಡಿಲ್ಲ.

ನಿನ್ನ ಅಣ್ಣ

ತಾ.ಕ.: ಲಕೋಟೆಗೆ ಹಾಕುವ ಮುಂಚೆ ನಿನ್ನ ಅತ್ತಿಗೆಗೆ ಓದಿ ಹೇಳಿದೆ. "ಪರೀಕ್ಷೆಗೆ ಒಪ್ಕೊಂಡಿದ್ದು ನಾನೇ. ನಿಮಗೆ ಹೇಳ್ಬೇಡ ಅಂದಿದ್ದೂ ನಾನೇ," ಅಂದಳು. ಅಂದರೆ ತಿಂಗಳಿಡೀ ನಾನು ಹೆದರಿ ಹೆದರಿ ತೊಳೆಯುವುದನ್ನು ಹಾಸಿಗೆಯಿಂದಲೇ ನೋಡುತ್ತಿದ್ದಳು. ಅವಳಿಗೆ ಬೈಯೋಣವೆಂದರೆ ಅಷ್ಟು ಹೇಳುವುದರೊಳಗೇ ಏದುಸಿರು ಬಂದಿತ್ತು. ಬೈಸಿಕೊಳ್ಳಲು ನೀನೊಬ್ಬನೇ ಉಳಿದಿದ್ದೀಯ. ಬೇಗ ಬಾ.