ಅಂಟು ಕೆರೆದ ಬಾಗಿಲು

ಮಾರ್ಚ್ 4, ಬೆಳಿಗ್ಗೆ

ಎರಡು ಗೋಡೆ ಗಡಿಯಾರಕ್ಕೆ ಎಣ್ಣೆ ಬಿಟ್ಟೆ. ಆಮೇಲೆ ಅಂಗಡಿಯ ಕಿಟಕಿಯಲ್ಲಿಟ್ಟ ಅಕ್ಕನ ಜೇನುಪೆಟ್ಟಿಗೆ ನೋಡಿದೆ. ಮುಜಂಟಿ ಜೇನು, ಕುಟುಕದ ಜಾತಿ. ಭಾವ ಹೋಗಿ ಆರು ವರ್ಷ. ಅವರು ಕೈಯಾರೆ ಕೂಡಿಸಿದ ಗೂಡು ಇನ್ನೂ ಬದುಕಿದೆ. ಅಕ್ಕನ ಮಂಡಿ ಆಪರೇಷನ್ ಮುಗಿದು ಬರುವವರೆಗೆ ನನ್ನ ಸುಪರ್ದಿಯಲ್ಲಿ. ದಿನಾ ಫೋನು. "ಪೆಟ್ಟಿಗೆ ಹತ್ರ ಹಿಡಿಯೋ, ಗುಂಯ್ ಅನ್ನೋದು ಕೇಳ್ಬೇಕು." ತಮ್ಮನ ಆರೋಗ್ಯ ಮಾತ್ರ ಕೇಳುವುದಿಲ್ಲ!

ಮಾರ್ಚ್ 6

ಗೂಡಿನ ಬಾಗಿಲಲ್ಲಿ ತಿಗಣೆಯಂಥ ಹುಳು. ಮುಂಗಾಲಿಗೆ ಅಂಟು ಬಳಿದುಕೊಂಡು ಕಾದು ಕೂತಿತ್ತು. ಹೊರಬಂದ ಜೇನನ್ನು ಹಿಡಿದು, ಮೂತಿ ಚುಚ್ಚಿ ಹೀರಿಬಿಟ್ಟಿತು. ಚಿಮಟದಲ್ಲಿ ಹಿಡಿದು ಹೊಸಕಿದೆ. ಮತ್ತೆರಡು ಬಂದವು. ಅಂಟು ಎಲ್ಲಿಯದು? ಬಾಗಿಲಿಗೆ ಜೇನುಗಳೇ ಕಟ್ಟಿದ ಕೊಳವೆಯದು... ಇವರ ಸಾಮಾನಿನಿಂದಲೇ ಇವರ ಕೊಲೆ.

ಮಾರ್ಚ್ 7, ಮಧ್ಯಾಹ್ನ

ಅಂಟು ಕಂಡರೆ ನನಗಾಗದು. ನಲವತ್ತು ವರ್ಷದಿಂದ ವಾಚುಗಳೊಳಗೆ ಎಣ್ಣೆ ಗಟ್ಟಿಕಟ್ಟಿದ ಅಂಟು ತೆಗೆದೇ ಹೊಟ್ಟೆ ಹೊರೆದವನು. ಬ್ಲೇಡಿನಿಂದ ಕೊಳವೆ ಕೆರೆದೆ. ಪೆಟ್ರೋಲ್ ಹತ್ತಿಯಿಂದ ಒರೆಸಿದೆ. ಮುಚ್ಚಳ ಎತ್ತಿ ಸಂದಿಯದನ್ನೂ ತೆಗೆದೆ. ಒಳಗೆ ಪರಾಗ ತುಂಬಿದ ಎರಡು ಪುಟ್ಟ ಮೇಣದ ಕುಡಿಕೆ ಒಡೆದವು, ಇರಲಿ. ಬಾಗಿಲು ಈಗ ಫಳಫಳ. ಅಕ್ಕನಿಗೆ ಹೇಳಲಿಲ್ಲ — ಬಂದು ನೋಡಿ ಬೆರಗಾಗಲಿ.

ಮಾರ್ಚ್ 12

ನಾಲ್ಕು ದಿನ ಬರೆಯಲು ಮನಸ್ಸಾಗಲಿಲ್ಲ. ಗೂಡಿನ ಸದ್ದು ದಿನೇದಿನೇ ತಗ್ಗಿತು. ಗೂನುಬೆನ್ನಿನ ಸಣ್ಣ ನೊಣಗಳು ಒಳಗೆ ನುಗ್ಗಿದ್ದವು. ಇವತ್ತು ತೆರೆದರೆ ಒಡೆದ ಪರಾಗದ ತುಂಬ ಬಿಳಿ ಮರಿಹುಳುಗಳು ಮಿಜಿಗುಡುತ್ತಿವೆ. ಜೀವವಿರುವ ಜೇನು ಒಂದೂ ಇಲ್ಲ.

ಜೇನು ಸಾಕುವವನೊಬ್ಬನನ್ನು ಕೇಳಿದೆ. "ಅಂಟೇ ಅವಕ್ಕೆ ಕೋಟೆ, ಸ್ವಾಮಿ. ತಿಗಣೆ ದಿನಕ್ಕೆ ಹತ್ತು ತಿಂದಿದ್ರೂ ಗೂಡು ಉಳೀತಿತ್ತು" ಎಂದ. ನನ್ನ ಕೈಗೆ ಬೆಂಕಿ ಬೀಳಲಿ. ಮೊದಲೇ ಕೇಳಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?

ಅದೇ ದಿನ, ಸಂಜೆ

ಅಕ್ಕನ ಫೋನ್. ಎಂದಿನಂತೆ ಗುಂಯ್ ಕೇಳಬೇಕಂತೆ. ಫೋನನ್ನು ಟೇಬಲ್ ಫ್ಯಾನಿನ ಹತ್ತಿರ ಹಿಡಿದೆ. ಅಕ್ಕ ಕಿವಿಗೊಟ್ಟು ಕೇಳಿದಳು. ಆಮೇಲೆ, "ಕೇಳಿಸ್ತು ಕಣೋ."

ಮಾರ್ಚ್ 17

ಅವತ್ತಿನಿಂದ ಅಕ್ಕ ಜೇನಿನ ಮಾತೇ ಎತ್ತಿಲ್ಲ. "ನೀನು ಆರಾಮಾಗಿದ್ದೀಯಾ? ಏನಾದ್ರೂ ಹೇಳೋದಿದ್ಯಾ?" ಎನ್ನುತ್ತಾಳೆ. ಇಲ್ಲ ಎನ್ನುತ್ತೇನೆ.

ಮಾರ್ಚ್ 21

ಅಕ್ಕ ಬಂದಳು, ಕೋಲೂರಿಕೊಂಡು. ಸೀದಾ ಕಿಟಕಿಗೆ ಹೋಗಿ ಪೆಟ್ಟಿಗೆಯ ಬಾಗಿಲನ್ನು ಬೆರಳಿನಿಂದ ಸವರಿದಳು.

"ಎಷ್ಟು ನುಣ್ಣಗೆ ಮಾಡಿಟ್ಟಿದ್ದೀಯೋ..."

ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ಅವತ್ತು ಕೇಳಿಸಿದ್ದು ಫ್ಯಾನು ಅಂತ ಗೊತ್ತಿತ್ತು. ನೀನೇ ಹೇಳ್ತೀಯ ಅಂತ ದಿನಾ ಫೋನ್ ಮಾಡ್ತಿದ್ದೆ."

ಒಂಬತ್ತು ದಿನ. ದಿನಾ. ಪ್ರತಿ ಸಲವೂ ನಾನು, ಆರಾಮಾಗಿದ್ದೀನಿ ಅಕ್ಕ ಎಂದು —