ಬೇಲಿಯಡಿಯ ಗಿಡ

ಅಣ್ಣಾ,

ನೀನು ತೀರಿಹೋದ ಬೇಸಿಗೆಯಲ್ಲೇ ನಿನ್ನ ಹೂದೋಟವೂ ಹೋಯಿತು. ಬಾವಿಗೆ ಉಪ್ಪುನೀರು ನುಗ್ಗಿತು. ನನ್ನ ತೋಟವೂ ಉಳಿಯಲಿಲ್ಲ. ಆದರೆ ಮೊದಲು ಸತ್ತದ್ದು ನಿನ್ನದು, ಅಷ್ಟು ಸಮಾಧಾನ ನನಗಿರಲಿ.

ಸೊಂಪಾಗಿ ಉಳಿದದ್ದು, ಆಸ್ತಿ ಪಾಲಾದಾಗ ನಮ್ಮ ತೋಟಗಳ ನಡುವೆ ಹಾಕಿದ ಬೇಲಿಯಡಿಯ ಗಿಡಗಳು ಮಾತ್ರ. ನಾವು ಒಬ್ಬರ ಮುಖ ಒಬ್ಬರು ನೋಡದೆ ಬದುಕಿದ್ದಾಗ, ನಿನ್ನ ಹಳದಿ ಜಾತಿಯೂ ನನ್ನ ನೀಲಿ ಜಾತಿಯೂ ಅಲ್ಲಿ ಸಂಸಾರ ಹೂಡಿದ್ದವು. ಹುಟ್ಟಿದ್ದನ್ನೆಲ್ಲ ನೀನು "ಬೆರಕೆ ಪೀಡೆ" ಎಂದು ಕಿತ್ತೆಸೆಯುತ್ತಿದ್ದೆ. ನಮ್ಮಿಬ್ಬರ ಗಿಡಗಳೂ ತಾಳದ ಉಪ್ಪುನೀರನ್ನು ಕುಡಿದು ಆ ಪೀಡೆ ಈಗ ಸೊಂಟದೆತ್ತರ ನಿಂತಿದೆ. ನಿನ್ನ ತೋಟದ ಕೊನೆಯ ಹೂವಿನ ಪರಾಗವನ್ನು ಅದಕ್ಕೆ ಸವರಿ ನೋಡಿದ್ದೆ. ಕಾಯಿ ಕಟ್ಟಲಿಲ್ಲ. ನನ್ನ ನೀಲಿಯದನ್ನು ಸವರಿದರೂ ಕಟ್ಟಲಿಲ್ಲ. ಅವು ತಮ್ಮತಮ್ಮಲ್ಲಿ ಕೂಡಿದರೆ ಮಾತ್ರ ಬೀಜ ಹಿಡಿಯುತ್ತವೆ. ಅದೀಗ ಬೇರೆಯೇ ಜಾತಿ. ನಮ್ಮಿಬ್ಬರ ಹಂಗೂ ಅದಕ್ಕಿಲ್ಲ.

ಇವತ್ತು ಅತ್ತಿಗೆ ಬಂದಿದ್ದರು.

"ಅವರ ಫೋಟೋ ಪಕ್ಕ ಇಡೋಕೆ ಒಂದು ಗಿಡ ಕೊಡಪ್ಪ. ಬೇಲಿ ಹತ್ರದ್ದಾದ್ರೂ ಪರವಾಗಿಲ್ಲ, ಬದುಕಿದ್ರೆ ಸಾಕು."

"ಅಣ್ಣಂಗೆ ಬೆರಕೆ ಆಗ್ತಿರಲಿಲ್ಲ ಅತ್ತಿಗೆ" ಎಂದೆ.

ನಿನ್ನ ತೋಟದಲ್ಲಿ ಎರಡೆಲೆ ಹಸಿರು ಉಳಿದಿದ್ದ ಒಂದೇ ಒಂದು ಅಸಲಿ ಹಳದಿಯನ್ನು ಕುಂಡಕ್ಕೆ ಹಾಕಿ ಕೊಟ್ಟೆ. ಅವರು ಅದನ್ನು ಮಗುವಿನಂತೆ ಎದೆಗವಚಿಕೊಂಡು ಹೋದರು. ವಾರದೊಳಗೆ ಅದು ನಿನ್ನ ಕಣ್ಣೆದುರೇ ಒಣಗುತ್ತದೆ.

ಸಿಹಿನೀರು ಹಾಕಿದರೆ ಉಳಿದೀತು. ನನ್ನ ಮನೆಯಲ್ಲಿ ಒಂದು ಕೊಡ ಇತ್ತು, ನಿಮ್ಮ ಬಾಗಿಲಿನವರೆಗೂ ಹೊತ್ತುಕೊಂಡು ಹೋದೆ. ಹಾಗೇ ತಿರುಗಿ ಬಂದು ಬೇಲಿಯ ಗಿಡಗಳಿಗೆ ಸುರಿದೆ.

ಅವಕ್ಕೆ ಬೇಕಿರಲಿಲ್ಲ.